ಎಂಒಯು ಆಯ್ತು, ಫೋಟೋ ಆಯ್ತು, ಮುಂದೆ ಯಾಕೆ ಏನೂ ಆಗಲಿಲ್ಲ?

ಪ್ರಶ್ನೆ: ಸರ್, ನಾನು ಜಿಲ್ಲಾ ಕೇಂದ್ರವೊಂದರ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕ. ನಮ್ಮ ವಿವಿ ಐದು ವರ್ಷದಲ್ಲಿ ಒಂಬತ್ತು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಎಂಒಯು, ಅಂದರೆ ಸಹಕಾರದ ಒಡಂಬಡಿಕೆ, ಮಾಡಿಕೊಂಡಿದೆ. ಇಲ್ಲಿಂದ ಒಬ್ಬ ವಿದ್ಯಾರ್ಥಿಯೂ ಹೋಗಿಲ್ಲ, ಅಲ್ಲಿಂದ ಒಬ್ಬರೂ ಬಂದಿಲ್ಲ. ದುಡ್ಡಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿಯೂ ದುಡ್ಡೇ ಕಾರಣವಾ, ಅಥವಾ ನಮ್ಮ ಆಡಳಿತದ ರೀತಿಯಲ್ಲೇ ಏನೋ ಇದೆಯಾ? ಈಗ ನನ್ನನ್ನೇ ಅಂತರರಾಷ್ಟ್ರೀಯ ಕೋಶದ ಸಂಯೋಜಕನನ್ನಾಗಿ ಮಾಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ದುಡ್ಡು ಕಮ್ಮಿ ಇರುವುದು ನಿಜ. ಆದರೆ ಇಂಥ ಕೋಶಗಳಲ್ಲಿ ನಾನು ಕೆಲಸ ಮಾಡಿದ ಹನ್ನೆರಡು ವರ್ಷಗಳಲ್ಲಿ ಕೈತಪ್ಪಿದ ಸಂಬಂಧಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡರೆ, ದುಡ್ಡಿಲ್ಲದೆ ತಪ್ಪಿದ್ದು ಎರಡೋ ಮೂರೋ. ಉಳಿದವೆಲ್ಲ ತಪ್ಪಿದ್ದು ಕಡತ ಯಾವುದೋ ಮೇಜಿನ ಮೇಲೆ ಕೂತಿದ್ದರಿಂದ. ಕೂರಿಸಿಕೊಂಡವರು ಕೆಟ್ಟವರೇನಲ್ಲ. ಹೂಂ ಅನ್ನುವ ಅಧಿಕಾರ ತಮಗೆ ಇದೆಯೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ವಿಶ್ವವಿದ್ಯಾಲಯದ ಹೆಸರು ಬೇಡ. ಯುರೋಪಿನಿಂದ ಒಬ್ಬ ಹುಡುಗಿ ಒಂದು ಸೆಮಿಸ್ಟರ್ ಓದಲು ನಮ್ಮಲ್ಲಿಗೆ ಬಂದಳು. ನಾಲ್ಕು ಪೇಪರ್ ತೆಗೆದುಕೊಂಡಳು, ಎಲ್ಲರ ಜೊತೆ ಪರೀಕ್ಷೆ ಬರೆದಳು, ಊರಿಗೆ ಹೋದಳು. ಅವಳಿಗೆ ಬೇಕಾಗಿದ್ದು ಒಂದು ಅಂಕಪಟ್ಟಿ. ನಮ್ಮ ಪರೀಕ್ಷಾ ವಿಭಾಗದ ಸಾಫ್ಟ್‌ವೇರ್ ನೋಂದಣಿ ಸಂಖ್ಯೆ ಇಲ್ಲದವರಿಗೆ ಅಂಕಪಟ್ಟಿ ಕೊಡುವುದಿಲ್ಲ. ಅವಳು ನಮ್ಮ ಯಾವ ಪದವಿಗೂ ದಾಖಲಾಗಿಲ್ಲ, ಹಾಗಾಗಿ ಸಂಖ್ಯೆ ಇಲ್ಲ. ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ ಅಂದೆವು. ಮೌಲ್ಯಮಾಪನ ಕುಲಸಚಿವರು, ಅದಕ್ಕೆ ನಿಯಮ ಇಲ್ಲ, ಓದು-ಪರೀಕ್ಷೆಯ ವಿಷಯ ತೀರ್ಮಾನಿಸುವ ವಿದ್ಯಾವಿಷಯಕ ಪರಿಷತ್ತಿನ ನಿರ್ಣಯ ಬೇಕು ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ನಾಳೆ ಯಾರಾದರೂ ತಕರಾರು ತೆಗೆದರೆ ಉತ್ತರ ಕೊಡಬೇಕಾದವರು ಅವರೇ ಅಲ್ವಾ. ಪರಿಷತ್ತಿನ ಸಭೆ ಮುಂದಕ್ಕೆ ಹೋಯಿತು. ಆಮೇಲೆ ಸಿಂಡಿಕೇಟ್, ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಆಮೇಲೆ ಬೇಸಿಗೆ ರಜೆ. ಅಂಕಪಟ್ಟಿ ಅವಳ ಕೈ ಸೇರಿದ್ದು ಹನ್ನೊಂದು ತಿಂಗಳ ನಂತರ. ಅಷ್ಟರಲ್ಲಿ ಅವಳು ಅಲ್ಲಿ ಆ ಸೆಮಿಸ್ಟರನ್ನು ಮತ್ತೆ ಓದಿಯಾಗಿತ್ತು. ಆ ವಿಶ್ವವಿದ್ಯಾಲಯ ನಮಗೆ ಇನ್ನೊಬ್ಬ ವಿದ್ಯಾರ್ಥಿಯನ್ನು ಕಳಿಸಲಿಲ್ಲ. ಜಗಳ ಮಾಡಲಿಲ್ಲ, ಪತ್ರವನ್ನೂ ಬರೆಯಲಿಲ್ಲ, ಸುಮ್ನೆ ಕಳಿಸುವುದನ್ನು ನಿಲ್ಲಿಸಿದರು. ಇದಕ್ಕೆ ಎಷ್ಟು ದುಡ್ಡು ಬೇಕಿತ್ತು ಹೇಳಿ? ಒಂದು ಪುಟದ ನಿಯಮ ಬೇಕಿತ್ತು ಅಷ್ಟೇ, ಅದೂ ಅವಳು ಬರುವ ಮೊದಲೇ.

ಯುರೋಪಿನ ಎರಾಸ್ಮಸ್ ಅನ್ನುವ ವಿದ್ಯಾರ್ಥಿ ವಿನಿಮಯ ವ್ಯವಸ್ಥೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ ನೋಡಿ. ವಿದ್ಯಾರ್ಥಿ ಹೊರಡುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದು ಕಾಗದ ಸಿದ್ಧವಾಗುತ್ತದೆ. ಅಲ್ಲಿ ಯಾವ ಪೇಪರ್ ಓದುತ್ತಾರೆ, ಅದು ಇಲ್ಲಿ ಯಾವ ಪೇಪರಿಗೆ ಸಮ, ಎಷ್ಟು ಕ್ರೆಡಿಟ್, ಎಲ್ಲ ಅದರಲ್ಲಿ ಇರುತ್ತದೆ. ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಕರೆಸಿಕೊಳ್ಳುವ ವಿಶ್ವವಿದ್ಯಾಲಯ, ಮೂವರ ಸಹಿ. ವಿಶ್ವವಿದ್ಯಾಲಯದ ಪರವಾಗಿ ಸಹಿ ಹಾಕುವವರು ಸಾಮಾನ್ಯವಾಗಿ ವಿಭಾಗದ ಒಬ್ಬ ಮೇಷ್ಟ್ರು, ಆ ಕೆಲಸಕ್ಕೆಂದೇ ಅಧಿಕಾರ ಕೊಟ್ಟು ಕೂರಿಸಿದವರು. ಕುಲಪತಿಯ ತನಕ ಹೋಗುವ ಮಾತೇ ಇಲ್ಲ. ನಮ್ಮಲ್ಲಿ ಅದೇ ಕೆಲಸಕ್ಕೆ ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್ ಎಲ್ಲವನ್ನೂ ಹತ್ತಿ ಇಳಿಯಬೇಕು. ಒಬ್ಬ ಹುಡುಗಿಯ ನಾಲ್ಕು ಪೇಪರಿಗೆ!

ಇನ್ನು ನಮ್ಮ ಆಡಳಿತದ ರೀತಿಗೆ ಬರುತ್ತೇನೆ. ಕರ್ನಾಟಕದ ಸಾಂಪ್ರದಾಯಿಕ ರಾಜ್ಯ ವಿಶ್ವವಿದ್ಯಾಲಯಗಳೆಲ್ಲ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಮೇಲೆ. ರಾಜ್ಯಪಾಲರು ಕುಲಾಧಿಪತಿ. ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಶೋಧನಾ ಸಮಿತಿ ಕೊಟ್ಟ ಹೆಸರುಗಳಲ್ಲಿ ಒಂದನ್ನು ಆರಿಸಿ, ರಾಜ್ಯ ಸರ್ಕಾರದ ಸಹಮತಿಯೊಂದಿಗೆ, ಕುಲಾಧಿಪತಿ ಕುಲಪತಿಯನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಸಿಂಡಿಕೇಟಿನಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದವರು ಇರುತ್ತಾರೆ, ಸರ್ಕಾರ ಬದಲಾದಾಗ ಅವರೂ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಖಾಯಂ ಅಧ್ಯಾಪಕರ ಹುದ್ದೆ ತುಂಬಬೇಕೆಂದರೆ ಹಣಕಾಸು ಇಲಾಖೆ ಒಪ್ಪಬೇಕು.

ಈ ನಾಲ್ಕು ವರ್ಷದ ಲೆಕ್ಕ ಹಾಕಿ ನೋಡಿ. ಮೊದಲ ವರ್ಷ ಊರು ಪರಿಚಯ ಆಗುವುದರಲ್ಲಿ ಹೋಗುತ್ತದೆ. ಕೊನೆಯ ಆರೇಳು ತಿಂಗಳು ದೊಡ್ಡ ತೀರ್ಮಾನ ಯಾರೂ ತೆಗೆದುಕೊಳ್ಳುವುದಿಲ್ಲ. ಅವಧಿ ಮುಗಿದ ಮೇಲೆ ಹೊಸಬರು ಬರುವ ತನಕ ಹಂಗಾಮಿ ಕುಲಪತಿ, ಅವರು ದಿನದ ಕೆಲಸ ನಡೆಸುತ್ತಾರೆಯೇ ಹೊರತು ಹೊಸದಕ್ಕೆ ಕೈ ಹಾಕುವುದಿಲ್ಲ. ಅಂದರೆ ಕೆಲಸ ಆಗುವ ಕಾಲ ಎರಡು, ಎರಡೂವರೆ ವರ್ಷ. ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಂದು ಸಂಬಂಧ ಕುದುರಿ, ಪಠ್ಯ ಹೊಂದಿಸಿ, ಮೊದಲ ತಂಡ ಹೋಗಿ ಬರುವುದಕ್ಕೆ ಅದಕ್ಕಿಂತ ಜಾಸ್ತಿ ಕಾಲ ಬೇಕು. ಹಾಗಾಗಿ ಈ ಅವಧಿಯಲ್ಲಿ ಮುಗಿಸಬಹುದಾದ ಕೆಲಸ ಒಂದೇ, ಎಂಒಯುಗೆ ಸಹಿ ಹಾಕುವುದು. ಘಟಿಕೋತ್ಸವದ ಭಾಷಣದಲ್ಲಿ ಸಂಖ್ಯೆ ಹೇಳಬಹುದು, ಗುಣಮಟ್ಟ ಅಳೆದು ಅಂಕ ಕೊಡುವ ನ್ಯಾಕ್ ಸಂಸ್ಥೆಗೆ ಕೊಡುವ ವರದಿಯಲ್ಲಿ ಸೇರಿಸಬಹುದು. ಅದು ಕುಲಪತಿಯ ಎಂಒಯು ಆಗಿಬಿಡುತ್ತದೆ, ವಿಶ್ವವಿದ್ಯಾಲಯದ್ದು ಆಗುವುದೇ ಇಲ್ಲ. ಅವರು ಹೋದ ಮೇಲೆ ಆ ಕಡತ ತೆರೆಯುವ ಗರಜು ಯಾರಿಗೂ ಇರುವುದಿಲ್ಲ. ನಿಮ್ಮ ಒಂಬತ್ತು ಎಂಒಯುಗಳ ತಾರೀಖು ತೆಗೆದು ನೋಡಿ. ಯಾವ ಕುಲಪತಿಯ ಕಾಲದಲ್ಲಿ ಎಷ್ಟಾಗಿವೆ, ಅದರಲ್ಲಿ ವಿಭಾಗದ ಒಬ್ಬ ಮೇಷ್ಟ್ರ ಹೆಸರು ಎಷ್ಟರಲ್ಲಿದೆ ಅಂತ. ನನ್ನ ಊಹೆ, ಹೆಚ್ಚಿನವುಗಳಲ್ಲಿ ಅಂಥ ಹೆಸರೇ ಇರುವುದಿಲ್ಲ.

ಇದರ ಮೇಲೆ ರಾಜ್ಯ ಮಟ್ಟದ ಅಲುಗಾಟ ಬೇರೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದವರು ನಾವು. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಮತ್ತೆ ಮೂರು ವರ್ಷಕ್ಕೆ ಬಂದೆವು. ಯಾವುದು ಒಳ್ಳೆಯದು ಅನ್ನುವ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ, ಬಡ ಮನೆಯ ಮಕ್ಕಳಿಗೆ ನಾಲ್ಕನೇ ವರ್ಷ ಭಾರ ಅನ್ನುವ ವಾದದಲ್ಲಿ ಹುರುಳಿದೆ. ನಾನು ಹೇಳುವುದು ಆಚೆ ಕಡೆ ಕೂತವರ ಕಷ್ಟ. ನಿಮ್ಮ ಪದವಿಯನ್ನು ತಮ್ಮ ಸ್ನಾತಕೋತ್ತರ ಪ್ರವೇಶಕ್ಕೆ ಹೊಂದಿಸಿ ಅವರು ಒಂದು ಕೋಷ್ಟಕ ಮಾಡಿಟ್ಟುಕೊಂಡಿರುತ್ತಾರೆ. ಮೂರು ವರ್ಷದಲ್ಲಿ ಎರಡು ಸಲ ಪದವಿಯ ಆಕಾರ ಬದಲಾದರೆ ಅವರು ಏನು ಮಾಡಬೇಕು? ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಮಾಸ್ಟರ್ಸ್‌ಗೆ ಹದಿನಾರು ವರ್ಷದ ಓದು, ಅಂದರೆ ಪಿಯು ತನಕ ಹನ್ನೆರಡು, ಪದವಿಯ ನಾಲ್ಕು, ಕೇಳುತ್ತವೆ. ನಮ್ಮ ಒಬ್ಬ ಬಿಎಸ್ಸಿ ಹುಡುಗ 2022ರಲ್ಲಿ ಸೇರಿದವನೋ 2024ರಲ್ಲಿ ಸೇರಿದವನೋ ಅನ್ನುವುದರ ಮೇಲೆ ಅವನಿಗೆ ಸಿಗುವ ಉತ್ತರವೇ ಬೇರೆಯಾಗುತ್ತದೆ. ಈ ತೀರ್ಮಾನಗಳು ಆದದ್ದು ವಿಧಾನಸೌಧದ ಮಟ್ಟದಲ್ಲಿ. ವಿವರಿಸಿ ಇಮೇಲ್ ಬರೆಯಬೇಕಾದವರು ನಿಮ್ಮಂಥ ಸಂಯೋಜಕರು.

ಮಣಿಪಾಲದವರಿಗೆ ಹೇಗೆ ಆಯ್ತು ಅಂತ ನೀವು ಕೇಳಬಹುದು, ಎಲ್ಲರೂ ಕೇಳುತ್ತಾರೆ. 1953ರಲ್ಲಿ ಟಿ.ಎಂ.ಎ. ಪೈಗಳು ಕಟ್ಟಿದ ವೈದ್ಯಕೀಯ ಕಾಲೇಜಿನಿಂದ ಶುರುವಾಗಿ, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿ, ಮರುವರ್ಷವೇ ಮಣಿಪಾಲ ಬಳಗ ನೇಪಾಳದ ಪೊಖರಾದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 1997ರಲ್ಲಿ ಮಲೇಷ್ಯಾದ ಮೆಲಕಾ, 2000ದಲ್ಲಿ ದುಬೈ. ಕರಾವಳಿಯ ಒಂದು ಗುಡ್ಡದ ಮೇಲಿಂದ ಇಷ್ಟೆಲ್ಲ ಆಗಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ತೀರ್ಮಾನ ಮಾಡುವವರು ಕೆಲವೇ ಜನ, ಹತ್ತು ವರ್ಷ ಕಳೆದರೂ ಅವರೇ ಇರುತ್ತಾರೆ. ಪಾಲುದಾರರಿಗೆ ಬೇಕಾದದ್ದೂ ಅದೇ, ಫೋನ್ ಮಾಡಿದರೆ ಎತ್ತುವವರು. ಆದರೆ ಆ ದಾರಿಗೆ ಒಂದು ಬೆಲೆ ಇದೆ. ಅಲ್ಲಿನ ಶುಲ್ಕ ನಿಮ್ಮ ಜಿಲ್ಲೆಯ ರೈತನ ಮಗಳಿಗೆ ಎಟುಕುವುದಿಲ್ಲ. ಮೈಸೂರು ವಿವಿಗೆ ನೇಪಾಳ, ಅಫ್ಘಾನಿಸ್ತಾನ, ಯೆಮನ್, ಇರಾನ್, ಆಫ್ರಿಕಾದ ದೇಶಗಳಿಂದ ವರ್ಷಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದಾರೆ, ಅವರು ಬರುವುದು ಶುಲ್ಕ ಕೈಗೆಟುಕುತ್ತದೆ, ಊರು ಶಾಂತವಾಗಿದೆ, ಅಂತರರಾಷ್ಟ್ರೀಯ ಕೇಂದ್ರದಲ್ಲಿ ಕೇಳಿದರೆ ಯಾರಾದರೂ ಉತ್ತರ ಕೊಡುತ್ತಾರೆ ಅನ್ನುವ ಕಾರಣಕ್ಕೆ. ಅದೂ ಅಂತರರಾಷ್ಟ್ರೀಕರಣವೇ, ಫೋಟೋದಲ್ಲಿ ಅಷ್ಟು ಹೊಳೆಯುವುದಿಲ್ಲ ಅಷ್ಟೇ. ಅಂದ ಹಾಗೆ 1916ರಲ್ಲಿ ಆ ವಿಶ್ವವಿದ್ಯಾಲಯ ಹುಟ್ಟುವ ಮೊದಲು ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ವಿಶ್ವವಿದ್ಯಾಲಯಗಳ ಬಗ್ಗೆ ಅಧ್ಯಯನ ಮಾಡಿದ್ದರು. ಹೊರಗೆ ನೋಡಿ ಕಲಿಯುವುದು ನಮಗೆ ಹೊಸದಲ್ಲ.

ಒಟ್ಟು ದೇಶದ ಲೆಕ್ಕ ಹೇಳಿದರೆ ನಿಮಗೆ ಬೇಸರವಾಗಬಹುದು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಇಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 46,878. ಒಟ್ಟು ವಿದ್ಯಾರ್ಥಿಗಳು 4.33 ಕೋಟಿ. ಸಾವಿರಕ್ಕೆ ಒಬ್ಬರು ಅಂದುಕೊಳ್ಳಿ. ಅವರಲ್ಲಿ ಶೇ. 28ರಷ್ಟು ನೇಪಾಳದವರು. ಇಲ್ಲಿಂದ ಹೋಗಿ ಹೊರಗೆ ಓದುತ್ತಿದ್ದವರು 2024ರಲ್ಲಿ 13 ಲಕ್ಷಕ್ಕೂ ಜಾಸ್ತಿ.

ನಿಯಮ ಸಡಿಲ ಮಾಡಿಲ್ಲ ಅಂತಲ್ಲ. 2022ರ ಮೇ ತಿಂಗಳಲ್ಲಿ, ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ, ಟ್ವಿನ್ನಿಂಗ್ (ಸ್ವಲ್ಪ ಭಾಗ ಇಲ್ಲಿ, ಸ್ವಲ್ಪ ಭಾಗ ಅಲ್ಲಿ ಓದುವುದು), ಜಂಟಿ ಪದವಿ, ದ್ವಿಪದವಿಗೆ ಹೊಸ ನಿಯಮ ತಂದಿತು. ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇದ್ದರೆ, ಅಥವಾ ಕೇಂದ್ರ ಸರ್ಕಾರದ ಶ್ರೇಯಾಂಕವಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲ ನೂರರಲ್ಲಿದ್ದರೆ, ಕ್ಯೂಎಸ್ ಅಥವಾ ಟೈಮ್ಸ್‌ನ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ ಸಾವಿರದಲ್ಲಿರುವ ವಿದೇಶಿ ವಿಶ್ವವಿದ್ಯಾಲಯದ ಜೊತೆ ಯುಜಿಸಿ ಅನುಮತಿಗೆ ಕಾಯದೇ ಕೈಜೋಡಿಸಬಹುದು. ಒಳ್ಳೆಯ ಹೆಜ್ಜೆ. ಆದರೆ ಇದರ ಒಳಗೊಂದು ಗಂಟಿದೆ. ನ್ಯಾಕ್ ಅಂಕ ಬರಬೇಕೆಂದರೆ ಖಾಯಂ ಅಧ್ಯಾಪಕರು ಬೇಕು. ಖಾಯಂ ಹುದ್ದೆ ತುಂಬುವ ಅಧಿಕಾರ ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ವಿಭಾಗದಲ್ಲಿ ಇಬ್ಬರೇ ಖಾಯಂ, ಉಳಿದವರೆಲ್ಲ ಅತಿಥಿ ಉಪನ್ಯಾಸಕರು ಅಂದರೆ, ಮುಂದಿನ ವರ್ಷ ಯಾರು ಇರುತ್ತಾರೆ ಅಂತ ಪಾಲುದಾರರಿಗೆ ಮಾತು ಕೊಡುವುದು ಹೇಗೆ?

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 2023ರ ನವೆಂಬರಿನಲ್ಲಿ ವಿದೇಶಿ ವಿಶ್ವವಿದ್ಯಾಲಯಗಳು ಇಲ್ಲಿಯೇ ಕ್ಯಾಂಪಸ್ ತೆರೆಯಲು ಯುಜಿಸಿ ನಿಯಮ ಮಾಡಿತು. ಶುಲ್ಕ, ಪ್ರವೇಶ, ಅಧ್ಯಾಪಕರ ನೇಮಕ ಎಲ್ಲ ಅವರದೇ ತೀರ್ಮಾನ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಗುರುಗ್ರಾಮದಲ್ಲಿ 2025ರಲ್ಲಿ ಶುರು ಮಾಡಿದರು. ಅಲ್ಲಿಯದೇ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಅದೇ ವರ್ಷ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಸಮ್ಮತಿ ಪತ್ರ ಸಿಕ್ಕಿತು. ಬರಲಿ, ಸಂತೋಷ. ಆದರೆ ಅದೇ ಊರಿನಲ್ಲಿ ಲಿವರ್‌ಪೂಲ್‌ಗೆ ಒಬ್ಬ ಮೇಷ್ಟ್ರನ್ನು ತೆಗೆದುಕೊಳ್ಳಲು ಇರುವ ಸ್ವಾತಂತ್ರ್ಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಇಲ್ಲ. ಹೊರಗಿನವರಿಗೆ ಕೊಟ್ಟ ನಂಬಿಕೆಯ ಅರ್ಧವನ್ನಾದರೂ ನಮ್ಮ ವಿಶ್ವವಿದ್ಯಾಲಯಗಳಿಗೆ ಕೊಡಬಾರದೇ? 2021ರ ಜನವರಿಯಲ್ಲಂತೂ ದೇಶದ ಭದ್ರತೆ, ಗಡಿ, ಆಂತರಿಕ ವಿಚಾರಗಳ ಬಗ್ಗೆ ಆನ್‌ಲೈನ್ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಲೂ ಸರ್ಕಾರಿ ವಿಶ್ವವಿದ್ಯಾಲಯಗಳು ಮೊದಲೇ ಅನುಮತಿ ಪಡೆಯಬೇಕು ಅಂತ ಕೇಂದ್ರದ ಆದೇಶ ಬಂತು. ವಿಜ್ಞಾನಿಗಳು, ಮೇಷ್ಟ್ರುಗಳು ವಿರೋಧಿಸಿದ ಮೇಲೆ ಮರುತಿಂಗಳು ಹಿಂದಕ್ಕೆ ತೆಗೆದುಕೊಂಡರು. ಕುಲಪತಿಯನ್ನು ಯಾರು ಆರಿಸಬೇಕು ಅನ್ನುವ ಜಗ್ಗಾಟ ಈಗಲೂ ಇದೆ. 2025ರ ಜನವರಿಯ ಯುಜಿಸಿ ಕರಡು ಶೋಧನಾ ಸಮಿತಿ ರಚಿಸುವ ಅಧಿಕಾರವನ್ನು ಕುಲಾಧಿಪತಿಗೆ ಕೊಟ್ಟಾಗ ನಮ್ಮ ಸರ್ಕಾರ ಬೇರೆ ರಾಜ್ಯಗಳ ಸಚಿವರನ್ನು ಬೆಂಗಳೂರಿಗೆ ಕರೆಸಿ ಸಭೆ ಮಾಡಿತು. ರಾಜ್ಯದ ಹಕ್ಕಿನ ಪ್ರಶ್ನೆ ಅದು, ನ್ಯಾಯವಾದದ್ದೇ. ಆದರೆ ರಾಜಭವನವೋ ವಿಧಾನಸೌಧವೋ ಅನ್ನುವ ಆ ವಾದದಲ್ಲಿ, ವಿಶ್ವವಿದ್ಯಾಲಯದ ಒಳಗಿನವರಿಗೆ ಎಷ್ಟು ಅಧಿಕಾರ ಅನ್ನುವ ಮಾತು ಎರಡೂ ಕಡೆಯಿಂದ ಕೇಳಲಿಲ್ಲ.

ಹಾಗಾದರೆ ಒಬ್ಬರ ಕೈಗೆ ಪೂರಾ ಅಧಿಕಾರ ಕೊಟ್ಟರೆ ಎಲ್ಲ ಸರಿಹೋಗುತ್ತದಾ? ಇಲ್ಲ. ಇಲ್ಲಿ ಸಿಂಗಪುರದ ಯೇಲ್-ಎನ್‌ಯುಎಸ್ ಕಾಲೇಜಿನ ಕತೆ ನೀವು ತಿಳಿದುಕೊಳ್ಳಬೇಕು. ಅಮೆರಿಕದ ಯೇಲ್ ಮತ್ತು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ 2011ರಲ್ಲಿ ಒಪ್ಪಂದ ಮಾಡಿಕೊಂಡು, 2013ರಲ್ಲಿ ಮೊದಲ ತಂಡ ತೆಗೆದುಕೊಂಡವು. ಪದವಿ ಕೊಡುವುದು ಸಿಂಗಪುರದವರು, ಯೇಲ್ ಅಲ್ಲ. ತಮ್ಮನ್ನು ಸರಿಯಾಗಿ ಕೇಳದೇ ತೀರ್ಮಾನ ಆಗಿದೆ ಅಂತ ಯೇಲ್‌ನ ಅಧ್ಯಾಪಕರಲ್ಲಿ ಅನೇಕರಿಗೆ ಬೇಸರವಿತ್ತು, 2012ರ ಏಪ್ರಿಲ್‌ನಲ್ಲಿ ಸಿಂಗಪುರದ ನಾಗರಿಕ ಹಕ್ಕುಗಳ ಬಗ್ಗೆ ಕಳವಳ ಹೇಳಿ ಅವರು ನಿರ್ಣಯ ಮಾಡಿದರು. ಆದರೂ ಕಾಲೇಜು ಚೆನ್ನಾಗಿ ನಡೆಯಿತು, ಏಷ್ಯಾದಲ್ಲೇ ಹೆಸರು ಮಾಡಿತು. 2021ರ ಆಗಸ್ಟ್‌ನಲ್ಲಿ ಒಂದು ದಿನ ಸಿಂಗಪುರದ ವಿಶ್ವವಿದ್ಯಾಲಯ, ಇದನ್ನು ಮುಚ್ಚಿ ನಮ್ಮ ಇನ್ನೊಂದು ಕಾರ್ಯಕ್ರಮದ ಜೊತೆ ಸೇರಿಸುತ್ತೇವೆ ಅಂತ ಪ್ರಕಟಿಸಿತು. ಅಲ್ಲಿನ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಗೊತ್ತಾಗಿದ್ದು ತೀರ್ಮಾನ ಆದ ಮೇಲೆ. ಮುಂದುವರಿಸುವ ಆಸೆ ಇತ್ತು ಅಂತ ಯೇಲ್ ಹೇಳಿತು. ಕೊನೆಯ ತಂಡ 2025ರಲ್ಲಿ ಪದವಿ ಪಡೆಯಿತು, ಬಾಗಿಲು ಮುಚ್ಚಿತು. ಮೇಲೆ ಕೂತ ಕೆಲವರು ಬೇಗ ಹೂಂ ಅಂದು ಕಟ್ಟಿದ್ದನ್ನು ಮೇಲೆ ಕೂತ ಕೆಲವರೇ ಬೇಗ ಬೇಡ ಅಂದರು. ತಡೆಯುವ ಶಕ್ತಿ ಇದ್ದ ಸಭೆ ಯಾವುದೂ ಇರಲಿಲ್ಲ.

ನಮ್ಮ ಮನೆಯಲ್ಲೂ ಇಂಥ ಪಾಠ ಇದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ ಹೊರಗೆ ಕೋರ್ಸ್ ನಡೆಸಿದೆ ಅಂತ 2015ರಲ್ಲಿ ಯುಜಿಸಿ, 2012-13ರ ಆಚೆಗೆ ಮಾನ್ಯತೆ ಇಲ್ಲ ಅಂದಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳ ಸರ್ಟಿಫಿಕೇಟ್ ಹಿಡಿದವರು ಕೆಲಸಕ್ಕೆ, ಮುಂದಿನ ಓದಿಗೆ ಎಷ್ಟು ಪರದಾಡಿದರು ಅನ್ನುವುದು ನಿಮಗೂ ನೆನಪಿರಬಹುದು. ಹಾಗಾಗಿ ಮೌಲ್ಯಮಾಪನ ಕುಲಸಚಿವರು ನಿಯಮ ಎಲ್ಲಿದೆ ಅಂತ ಕೇಳಿದರೆ ನಾನು ಸಿಟ್ಟಾಗುವುದಿಲ್ಲ. ಕೇಳಲೇಬೇಕು. ನಿಯಮ ಮೊದಲೇ ಬರೆದಿಡದ ನಾವು ತಪ್ಪು ಮಾಡಿದ್ದೇವೆ.

ಇನ್ನು ಕೆಲವು ವಿಷಯ ಒಂದು ವಿಶ್ವವಿದ್ಯಾಲಯದ ಕೈಯಲ್ಲೇ ಇರುವುದಿಲ್ಲ. 2012ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ, ಏಪ್ರಿಲ್ ಬದಲು ಶರತ್ಕಾಲದಲ್ಲಿ ತರಗತಿ ಶುರು ಮಾಡೋಣ, ಜಗತ್ತಿನ ಕ್ಯಾಲೆಂಡರಿಗೆ ಹೊಂದುತ್ತದೆ ಅಂತ ಹೊರಟಿತು. ಜಪಾನಿನ ಶಾಲೆಗಳು, ಕಂಪನಿಗಳ ನೇಮಕಾತಿ ಎಲ್ಲ ಏಪ್ರಿಲ್‌ಗೆ ಕಟ್ಟಿಕೊಂಡಿದ್ದವು. ಮರುವರ್ಷ ಆ ಆಲೋಚನೆ ಬದಿಗಿಟ್ಟರು. ನಿಮ್ಮ ವಿವಿಯ ಫಲಿತಾಂಶ ತಡವಾಗಿ, ಸೆಪ್ಟೆಂಬರ್ ಪ್ರವೇಶ ತಪ್ಪಿಸಿಕೊಳ್ಳುವ ಮಕ್ಕಳನ್ನು ನೀವು ನೋಡಿರುತ್ತೀರಿ. ಅದನ್ನು ಸಂಯೋಜಕರೊಬ್ಬರು ಸರಿ ಮಾಡಲಾಗುವುದಿಲ್ಲ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಒಪ್ಪಿಕೊಳ್ಳಿ. ಆದರೆ ಆದೇಶ ಪತ್ರ ಕೈಗೆ ಬರುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ.

ಮೊದಲನೆಯದು ಒಂದು ಶಾಶ್ವತ ನಿರ್ಣಯ. ಒಂದೆರಡು ಸೆಮಿಸ್ಟರಿಗೆ ಬರುವ, ಹೋಗುವ ವಿದ್ಯಾರ್ಥಿಗಳ ಕ್ರೆಡಿಟ್ ಹೊಂದಿಸುವ ಅಧಿಕಾರ ವಿಭಾಗದ ಮುಖ್ಯಸ್ಥರು, ಅಧ್ಯಯನ ಮಂಡಳಿಯ ಅಧ್ಯಕ್ಷರು ಮತ್ತು ಸಂಯೋಜಕರ ಸಣ್ಣ ಸಮಿತಿಗೆ ಇರಲಿ, ಅವರು ಮಾಡಿದ್ದನ್ನು ವರ್ಷಕ್ಕೊಮ್ಮೆ ವಿದ್ಯಾವಿಷಯಕ ಪರಿಷತ್ತಿನ ಮುಂದೆ ಇಡಲಿ, ಪರಿಷತ್ತಿಗೆ ತಿದ್ದುವ ಹಕ್ಕಿರಲಿ. ಅದೇ ನಿರ್ಣಯದಲ್ಲಿ ಅಂಥ ವಿದ್ಯಾರ್ಥಿಗೆ ತಾತ್ಕಾಲಿಕ ನೋಂದಣಿ ಸಂಖ್ಯೆ, ಪರೀಕ್ಷೆ ಮುಗಿದ ಇಷ್ಟು ದಿನದಲ್ಲಿ ಅಂಕಪಟ್ಟಿ ಅನ್ನುವುದೂ ಸೇರಲಿ. ಕರಡನ್ನು ನೀವೇ ಬರೆದುಕೊಂಡು ಹೋಗಿ. ಖಾಲಿ ಕೈಯಲ್ಲಿ ಹೋಗಿ ನಿಯಮ ಮಾಡಿ ಅಂದರೆ ಯಾರೂ ಮಾಡುವುದಿಲ್ಲ, ಬರೆದದ್ದನ್ನು ಮುಂದಿಟ್ಟರೆ ತಿದ್ದಲು ಎಲ್ಲರೂ ಸಿದ್ಧ ಇರುತ್ತಾರೆ.

ಎರಡನೆಯದು ಒಬ್ಬ ಖಾಯಂ ಸಿಬ್ಬಂದಿ. ಅರ್ಧ ದಿನ ಕೊಟ್ಟರೂ ಸಾಕು, ಆದರೆ ಆರು ತಿಂಗಳಿಗೊಮ್ಮೆ ಬದಲಾಗಬಾರದು. ವಿದೇಶಿಯರು ಹಾಸ್ಟೆಲ್‌ಗೆ ಬಂದ 24 ಗಂಟೆಯಲ್ಲಿ ಅವರ ವಿವರ ಸರ್ಕಾರಕ್ಕೆ ತಿಳಿಸಬೇಕು, ವೀಸಾ ನೋಂದಣಿಗೆ ಓಡಾಡಬೇಕು, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪಾಠ ಮಾಡುತ್ತಾ ಇದನ್ನೆಲ್ಲ ನೀವೊಬ್ಬರೇ ಮಾಡಲಾಗುವುದಿಲ್ಲ, ನಾನು ಪ್ರಯತ್ನಿಸಿ ಸೋತಿದ್ದೇನೆ.

ಮೂರನೆಯದಕ್ಕೆ ಸ್ವಲ್ಪ ಧೈರ್ಯ ಬೇಕು. ಆ ಒಂಬತ್ತು ಎಂಒಯುಗಳಲ್ಲಿ ಏಳನ್ನು ನವೀಕರಿಸದೇ ಬಿಡಲು ಒಪ್ಪಿಗೆ ಕೇಳಿ. ಎಲ್ಲ ವಿಭಾಗಗಳಿಗೂ ಪಟ್ಟಿ ಕಳಿಸಿ, ಇದರಲ್ಲಿ ಯಾವುದಕ್ಕೆ ನಿಮ್ಮ ಹೆಸರು ಹಾಕಿ ಮೂರು ವರ್ಷ ಕೆಲಸ ಮಾಡುತ್ತೀರಿ ಅಂತ ಕೇಳಿ. ಎರಡಕ್ಕೆ ಜನ ಸಿಕ್ಕರೆ ಹೆಚ್ಚು. ಆ ಇಬ್ಬರ ಹೆಸರನ್ನು ಒಪ್ಪಂದದ ಅನುಬಂಧದಲ್ಲೇ ಹಾಕಿಸಿ, ಒಬ್ಬರು ನಿವೃತ್ತರಾದರೆ ಯಾರು ಮುಂದುವರಿಸುತ್ತಾರೆ ಅನ್ನುವುದನ್ನೂ ಸೇರಿಸಿ. ಕುಲಪತಿ ಸಂಖ್ಯೆ ಕಮ್ಮಿಯಾಯಿತು ಅಂತ ಬೇಸರಪಟ್ಟರೆ, ಈ ಎರಡರಿಂದ ಮುಂದಿನ ವರ್ಷ ಎಷ್ಟು ಮಕ್ಕಳು ಹೋಗಿ ಬರುತ್ತಾರೆ ಅನ್ನುವ ಸಂಖ್ಯೆ ಅವರ ಮುಂದಿಡಿ. ನಿರ್ಣಯದ ಕರಡು ಬರೆಯುವಾಗ ಎಲ್ಲಿ ಸಿಕ್ಕಿಕೊಂಡರೂ ಬರೆಯಿರಿ, ಕೂತು ನೋಡೋಣ.